ನಕ್ಷತ್ರಿಕನ ಬೆನ್ನು ಹತ್ತಿ: ನಾನು ಹಳೇ ಕನ್ನಡ ಸಿನಿಮಾ ನೋಡೋದು ಕಲಿತದ್ದು

ಎರಡು ವರ್ಷದ ಹಿಂದಿನವರೆಗೂ ಹಳೇ ಕನ್ನಡ ಸಿನಿಮಾ ಅಂದರೆ ನನಗೆ ಬರೀ ಹಾಡು. ಕಾರಿನಲ್ಲಿ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರೆ ಜೊತೆಗೆ ಗುನುಗುತ್ತಿದ್ದೆ, ಅದು ಯಾವ ಸಿನಿಮಾದ್ದು ಅಂತ ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದೆ. ನೋಡೋಕೆ ಪ್ರಯತ್ನಪಟ್ಟಿರಲಿಲ್ಲ ಅಂತೇನಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ಮೊಬೈಲಿನಲ್ಲಿ ಒಂದು ಪೌರಾಣಿಕ ಸಿನಿಮಾ ಹಾಕೋದು, ಟೈಟಲ್ ಕಾರ್ಡ್ ಮುಗಿದು ದೇವರ ಸ್ತುತಿ ಶುರುವಾಗುವಷ್ಟರಲ್ಲಿ ನಿದ್ದೆ. ಮೂರು ಸಲ ಹೀಗಾಯಿತು. ಈ ಸಿನಿಮಾಗಳು ನನಗಲ್ಲ ಬಿಡು ಅಂದುಕೊಂಡೆ.

ಆಮೇಲೆ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಯಿತು. ತಿಪಟೂರಿನಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆ. ಎರಡು ತಿಂಗಳು ಮನೆಯಲ್ಲೇ ಕೂತಿರಬೇಕು. ಸೀರಿಯಲ್ ನೋಡಮ್ಮ ಅಂದರೆ "ಅದರಲ್ಲಿ ಬರೀ ಕಣ್ಣು ಬಿಡ್ತಾರೆ ಕಣೋ" ಅಂದಳು. ಸರಿ, ಒಂದು ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಟಿವಿಯಲ್ಲಿ ಯೂಟ್ಯೂಬ್ ತೆಗೆದು 1965ರ 'ಸತ್ಯ ಹರಿಶ್ಚಂದ್ರ' ಹಾಕಿದೆ. ಐದು ನಿಮಿಷ ಸುಮ್ಮನಿದ್ದವಳು ಕೇಳಿದಳು, "ಏನೋ ಇದು, ರಾಜ್‌ಕುಮಾರ್ ಇಷ್ಟು ದಪ್ಪ ಇರಲಿಲ್ವಲ್ಲೋ?"

ನಿಜ, ಎಲ್ಲರೂ ಊದಿಕೊಂಡ ಹಾಗೆ ಕಾಣುತ್ತಿದ್ದರು. ಆ ಕಾಲದ ಸಿನಿಮಾದ ಚಿತ್ರ ಹೆಚ್ಚುಕಡಿಮೆ ಚೌಕ, ಅಗಲ 4 ಇದ್ದರೆ ಎತ್ತರ 3. ಈಗಿನ ಟಿವಿ 16ಕ್ಕೆ 9. ಅಪ್‌ಲೋಡ್ ಮಾಡಿದವರು ಪರದೆ ತುಂಬಲಿ ಅಂತ ಅಡ್ಡಡ್ಡ ಎಳೆದುಬಿಟ್ಟಿರುತ್ತಾರೆ. ರಿಮೋಟ್ ಹಿಡಿದು ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಸೈಜ್ 4:3 ಮಾಡಿದೆ. ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬಂತು, ಹರಿಶ್ಚಂದ್ರ ತೆಳ್ಳಗಾದ. "ಹಾಂ, ಈಗ ಸರಿ" ಅಂದಳು ಅಮ್ಮ. ಇನ್ನು ಕೆಲವರು ಎಳೆಯೋ ಬದಲು ಮೇಲೆ ಕೆಳಗೆ ಕತ್ತರಿಸಿರುತ್ತಾರೆ, ಕಿರೀಟ ಹೋಗಿ ಬರೀ ಮೂಗು ಬಾಯಿ ಉಳಿದಿರುತ್ತದೆ. ಅದಕ್ಕೆ ಮದ್ದಿಲ್ಲ, ಬೇರೆ ಪ್ರತಿ ಹುಡುಕಬೇಕು. ಆಡಿಯೋದಲ್ಲೂ ಅಷ್ಟೇ. ಟಿವಿಯಲ್ಲಿ ಸರೌಂಡ್ ಅಂತ ಇರುತ್ತಲ್ವಾ, ಅದನ್ನು ಆಫ್ ಮಾಡಿ, ಬಾಸ್ ಇಳಿಸಿದರೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ನನಗೆ ನಿದ್ದೆ ಬರುತ್ತಿದ್ದುದಕ್ಕೆ ಅರ್ಧ ಕಾರಣ ಈ ಗೊಜ ಗೊಜ ಸೌಂಡೇ ಇರಬೇಕು. ಇನ್ನರ್ಧ, ರಾತ್ರಿ ಹನ್ನೊಂದು ಗಂಟೆ.

ಅಂದಹಾಗೆ ಈ ಸಿನಿಮಾಕ್ಕೆ 2008ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು, 'ಕಸ್ತೂರಿ ನಿವಾಸ'ಕ್ಕೂ 2014ರಲ್ಲಿ ಹಾಗೇ ಮಾಡಿದರು. ನಾನು ಎರಡನ್ನೂ ಕಪ್ಪು ಬಿಳುಪಿನಲ್ಲೇ ನೋಡುತ್ತೇನೆ. ಸ್ಮಶಾನದ ಕತ್ತಲಿಗೆ ಬಣ್ಣ ಯಾಕೆ ಬೇಕು?

ಆ ದಿನ ನನ್ನನ್ನು ಹಿಡಿದು ಕೂರಿಸಿದ್ದು ರಾಜ್‌ಕುಮಾರ್ ಅಲ್ಲ, ನರಸಿಂಹರಾಜು. ಹರಿಶ್ಚಂದ್ರನಿಂದ ವಿಶ್ವಾಮಿತ್ರನ ಸಾಲ ವಸೂಲಿ ಮಾಡೋಕೆ ಬೆನ್ನು ಹತ್ತುವ ನಕ್ಷತ್ರಿಕನ ಪಾತ್ರ ಅವರದು. ನಮ್ಮ ಕಡೆ ಯಾರಾದರೂ ಪ್ರಾಣ ಹಿಂಡಿದರೆ "ಒಳ್ಳೇ ನಕ್ಷತ್ರಿಕನ ಥರ ಗಂಟುಬಿದ್ದ" ಅಂತಾರೆ. ಚಿಕ್ಕಂದಿನಿಂದ ಕೇಳಿದ ಮಾತು, ಆ ಪಾತ್ರವನ್ನು ಕಣ್ಣಾರೆ ನೋಡಿದ್ದು ಅವತ್ತೇ. ಕಡ್ಡಿ ಮೈ, ಮುಂದೆ ಚಾಚಿದ ಹಲ್ಲು. ರಾಜ ರಾಜ್ಯ ಕಳಕೊಂಡು ಹೆಂಡತಿ ಮಗನ ಜೊತೆ ನಡೆಯುತ್ತಿದ್ದರೆ ಹಿಂದಿನಿಂದ ಈ ಮನುಷ್ಯನ ಕಾಟ. ಅಳಬೇಕೋ ನಗಬೇಕೋ ಗೊತ್ತಾಗಲ್ಲ. ಅಮ್ಮ ಮಾತ್ರ ಕಾಲು ನೋವು ಮರೆತು ನಗುತ್ತಿದ್ದಳು, ಜೊತೆಗೆ "ನಮ್ಮೂರವರು ಕಣೋ" ಅನ್ನೋ ಹೆಮ್ಮೆ ಬೇರೆ. ಅವರು ಹುಟ್ಟಿದ್ದು ತಿಪಟೂರಿನಲ್ಲಿ, 1923ರಲ್ಲಿ.

ಅಲ್ಲಿಂದ ನನಗೊಂದು ದಾರಿ ಸಿಕ್ಕಿತು. ಕಥೆ ಹಿಡಿದುಕೊಂಡು ಹಳೇ ಸಿನಿಮಾ ನೋಡೋಕೆ ಹೋದರೆ ನನ್ನಂಥವರಿಗೆ ಕಷ್ಟ, ಹರಿಶ್ಚಂದ್ರನಿಗೆ ಕೊನೆಗೆ ಏನಾಗುತ್ತೆ ಅಂತ ಯಾರಿಗೆ ಗೊತ್ತಿಲ್ಲ? ಅದಕ್ಕೇ ಒಬ್ಬ ನಟನನ್ನು ಹಿಡಿದುಕೊಂಡೆ, ಅದೂ ಹೀರೋ ಅಲ್ಲದವರನ್ನು. ನರಸಿಂಹರಾಜು ಹಿಂದೆ ಹೋದೆ, 1954ರ 'ಬೇಡರ ಕಣ್ಣಪ್ಪ' ಸಿಕ್ಕಿತು. ರಾಜ್‌ಕುಮಾರ್ ನಾಯಕನಾದ ಮೊದಲ ಸಿನಿಮಾ, ಜಿ.ವಿ. ಅಯ್ಯರ್ ಕೂಡ ಅದರಲ್ಲಿದ್ದಾರೆ. ಎಲ್ಲರೂ ಕಂಪನಿ ನಾಟಕದಿಂದ ಬಂದವರು. ಮೈಕ್ ಇಲ್ಲದೆ ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ ಮಾತಾಡಿ ಬೆಳೆದ ಗಂಟಲು. ಇದು ತಲೆಗೆ ಹೋದಮೇಲೆ, ಮೊದಲು 'ಓವರ್ ಆಕ್ಟಿಂಗ್' ಅನಿಸುತ್ತಿದ್ದ ಮಾತಿನಲ್ಲೇ ಮಜಾ ಸಿಗೋಕೆ ಶುರುವಾಯಿತು. ಒಂದು ದೀರ್ಘವನ್ನೂ ನುಂಗದೆ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾರೆ ಅಂತ! ಈ ಮೂವರ ಜೊತೆ ಬಾಲಕೃಷ್ಣ ಸೇರಿಕೊಂಡು, ಕಲಾವಿದರೇ ಸಂಘ ಕಟ್ಟಿ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಹಾಗೆ ನನ್ನ ಮುಂದಿನ ಸರದಿ ಬಾಲಣ್ಣನದ್ದಾಯಿತು.

ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಯಾವಾಗ ಬರುತ್ತೆ ಅಂತ ತಿಳಿದುಕೊಳ್ಳುತ್ತಿದ್ದರಂತೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು 'ಬಂಗಾರದ ಮನುಷ್ಯ'ದಲ್ಲಿ ರಾಚೂಟಪ್ಪನನ್ನು ನೋಡಿ. ಮಾತಾಡುವವರ ಮುಖದಿಂದ ಕಣ್ಣು ಆಚೆ ಸರಿಯೋದಿಲ್ಲ, ಆದರೆ ಉತ್ತರ ಮಾತ್ರ ಒಂದು ಕ್ಷಣವೂ ಆಚೀಚೆ ಆಗಲ್ಲ. ಒಂದು ದೃಶ್ಯವನ್ನು ನಾಲ್ಕು ಸಲ ಹಿಂದೆ ತಿರುಗಿಸಿ ನೋಡಿದ್ದೇನೆ, ಎಲ್ಲೂ ಸಿಕ್ಕಿಬೀಳಲಿಲ್ಲ.

ಇನ್ನೊಂದು ಅಭ್ಯಾಸ: ಒಂದೇ ಸಲಕ್ಕೆ ಮುಗಿಸೋದಿಲ್ಲ. ಇಂಟರ್ವಲ್‌ವರೆಗೆ ಶನಿವಾರ, ಮಿಕ್ಕಿದ್ದು ಭಾನುವಾರ. ಮಧ್ಯೆ ಕಾಫಿ, ಅಮ್ಮನ ವಿವರಣೆ.

ಮಗಳು ಸೇರಿಕೊಂಡದ್ದು 'ಶರಪಂಜರ'ಕ್ಕೆ. ಹದಿಮೂರು ವರ್ಷ, ಫೋನ್ ಕೆಳಗಿಡೋ ಪೈಕಿ ಅಲ್ಲ. ಸೋಫಾ ತುದಿಯಲ್ಲಿ ಕೂತು ಅರ್ಧ ಕಣ್ಣಲ್ಲಿ ನೋಡುತ್ತಿದ್ದಳು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ್ದು. ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿದ್ದ ನಾಯಕಿ ಕಲ್ಪನಾ ವಾಸಿಯಾಗಿ ಮನೆಗೆ ಬರುತ್ತಾಳೆ. ಜೋರಾಗಿ ನಕ್ಕರೂ ತಪ್ಪು, ಸುಮ್ನೆ ಕೂತರೂ ಅನುಮಾನ. ಮಗಳು ಫೋನ್ ಮಗುಚಿಟ್ಟು ಕೇಳಿದಳು: "ಅಜ್ಜಿ, ಅವಳಿಗೆ ವಾಸಿಯಾಗಿದೆ ಅಲ್ವಾ? ಮತ್ಯಾಕೆ ಎಲ್ರೂ ಹಂಗೆ ನೋಡ್ತಾರೆ?" ಅಮ್ಮ ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದಮೇಲೆ, ಅವರ ಬೀದಿಯಲ್ಲೇ ಹಾಗೆ ಒಬ್ಬರಿದ್ದರು, ಅವರ ಮನೆಗೆ ಅರಿಶಿನ ಕುಂಕುಮಕ್ಕೂ ಯಾರೂ ಹೋಗುತ್ತಿರಲಿಲ್ಲ, ತಾನೂ ಹೋಗಿರಲಿಲ್ಲ ಅಂದಳು. ನಾನು ಆ ವಿಷಯ ಕೇಳಿದ್ದು ಅದೇ ಮೊದಲು. ಆಮೇಲೆ ಮಾತು ಕಲ್ಪನಾ ಸೀರೆ, ರವಿಕೆ ಕಡೆಗೆ ತಿರುಗಿತು. ಅದೇ ಥರ ತೋಳಿನ ರವಿಕೆ ಹೊಲಿಸಿಕೊಂಡು ಅಜ್ಜನ ಹತ್ತಿರ ಬೈಸಿಕೊಂಡಿದ್ದಳಂತೆ. 1979ರಲ್ಲಿ ಕಲ್ಪನಾ ಹೋದರು, ಎರಡು ತಿಂಗಳಿಗೇ ನರಸಿಂಹರಾಜು ಕೂಡ.

'ನಾಗರಹಾವು' ನೋಡಿದ ಮೇಲೆ ಅದರ ಕಥೆ ನಡೆಯುವ ಚಿತ್ರದುರ್ಗಕ್ಕೂ ಹೋಗಿ ಬಂದೆವು. ಮಗಳು ಓಬವ್ವನ ಕಿಂಡಿಯಲ್ಲಿ ತೂರಿ ಹೊರಗೆ ಬಂದು ಫೋಟೋ ತೆಗೆಸಿಕೊಂಡಳು. ಹತ್ತೋಕಾಗದ ಅಮ್ಮ ಕೆಳಗೆ ಕಲ್ಲಿನ ಮೇಲೆ ಕೂತು, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಚಾಮಯ್ಯ ಮೇಷ್ಟ್ರ ಕಥೆ ಹೇಳುತ್ತಿದ್ದಳು, ಆ ಪಾತ್ರ ಮಾಡಿದ ಅಶ್ವತ್ಥ್ ಯಾರೋ ಸಂಬಂಧಿಕರೇನೋ ಅನ್ನೋ ಹಾಗೆ.

ಎಲ್ಲವೂ ಹಿಡಿಸುತ್ತೆ ಅಂತ ಸುಳ್ಳು ಹೇಳಲ್ಲ. ಗಂಡ ಕೆನ್ನೆಗೆ ಬಾರಿಸಿದ ತಕ್ಷಣ ಹೆಂಡತಿಗೆ ಬುದ್ಧಿ ಬರುವ ದೃಶ್ಯಗಳಿವೆ, ಆಗ ಮಗಳು ಎದ್ದು ಹೋಗುತ್ತಾಳೆ, ನಾನೂ ತಡೆಯಲ್ಲ. ಅಮ್ಮ "ಆಗ ಹಂಗಿತ್ತು" ಅಂದು ಫಾರ್ವರ್ಡ್ ಮಾಡು ಅಂತಾಳೆ. ಇನ್ನು ಕೆಲವು ಬೇಕು ಅಂದರೂ ಸಿಗಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ'ದ ಪ್ರತಿಯೇ ಉಳಿದಿಲ್ಲ.

ಅಮ್ಮನ ಕಾಲು ಸರಿಹೋಗಿ ತಿಪಟೂರಿಗೆ ವಾಪಸ್ ಹೋಗಿದ್ದಾಳೆ. ಈಗ ಭಾನುವಾರ ಫೋನ್ ಸ್ಪೀಕರಿಗೆ ಹಾಕಿಕೊಂಡು ಎರಡೂ ಮನೆಯಲ್ಲಿ ಒಟ್ಟಿಗೆ ಶುರು ಮಾಡುತ್ತೇವೆ, ಒಂದು, ಎರಡು, ಮೂರು ಎಣಿಸಿ. ಎಷ್ಟು ಎಣಿಸಿದರೂ ಅವಳ ಟಿವಿ ನಮ್ಮದಕ್ಕಿಂತ ಮೂರು ಸೆಕೆಂಡ್ ಮುಂದೆ ಓಡುತ್ತದೆ. ಅಮ್ಮ ಅಲ್ಲಿ ಬಿದ್ದೂ ಬಿದ್ದೂ ನಗುತ್ತಿರುತ್ತಾಳೆ, ಇಲ್ಲಿ ನರಸಿಂಹರಾಜು ಇನ್ನೂ ಬಾಯಿ ತೆರೆದಿರೋದಿಲ್ಲ.