ಟ್ರ್ಯಾಕ್ಟರ್ ಡಾಂಬರು ರಸ್ತೆಗೆ ಹತ್ತುವ ಮುನ್ನ

ಕೋಲಾರ ಜಿಲ್ಲೆಯ ಯಾವ ಊರಿಗೆ ಹೋದರೂ ಹೊಲದ ಬಂಡಿದಾರಿ ಡಾಂಬರು ರಸ್ತೆಯನ್ನು ಸೇರುವ ಒಂದು ತಿರುವು ಇದ್ದೇ ಇರುತ್ತದೆ. ಅಲ್ಲಿಯವರೆಗೆ ಟ್ರ್ಯಾಕ್ಟರ್ ಬೇಸಾಯದ ಯಂತ್ರ. ಅದನ್ನು ದಾಟಿದ ಮೇಲೆ ಕಾರು, ಲಾರಿಗಳಂತೆ ಅದೂ ಒಂದು ಮೋಟಾರು ವಾಹನ. ಉಳುವಾಗ ಅನುಕೂಲವಾಗಿದ್ದ ಹಲವು ಜೋಡಣೆಗಳು ರಸ್ತೆಯ ವೇಗದಲ್ಲಿ ಪ್ರಾಣಕ್ಕೆ ಎರವಾಗುತ್ತವೆ. ಆದ್ದರಿಂದ ಆ ತಿರುವಿನಲ್ಲಿ ಐದು ನಿಮಿಷ ಗಾಡಿ ನಿಲ್ಲಿಸಿ ನೋಡಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕಾಗದಪತ್ರಗಳು. ಚಾಲಕನಿಗೆ 18 ವರ್ಷ ತುಂಬಿರಬೇಕು ಮತ್ತು ಆತನ ಬಳಿ ಡಿಎಲ್ ಇರಬೇಕು. ಟ್ರ್ಯಾಕ್ಟರ್ ಓಡಿಸಲು ಅದರದೇ ಹೆಸರಿನ ಪ್ರತ್ಯೇಕ ಪರವಾನಗಿ ಬೇಕೇ ಎಂದು ಅನೇಕರು ಕೇಳುತ್ತಾರೆ. ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್ ಲಘು ಮೋಟಾರು ವಾಹನದ ವ್ಯಾಖ್ಯೆಯೊಳಗೇ ಬರುವುದರಿಂದ ಎಲ್‌ಎಂವಿ ಪರವಾನಗಿ ಸಾಕು. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಆ ಪರವಾನಗಿ ಅಸಿಂಧುವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2001ರಲ್ಲೇ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದೆ. ಟ್ರ್ಯಾಕ್ಟರ್ ಮತ್ತು ಟ್ರೇಲರ್ ಎರಡಕ್ಕೂ ಬೇರೆ ಬೇರೆ ನೋಂದಣಿ ಇರಬೇಕು. ಟ್ರೇಲರ್‌ನ ಹಿಂಬದಿ ಹಲಗೆಯ ಮೇಲೆ ಅದರ ನಂಬರು ಓದಲು ಬರುವಂತಿರಬೇಕು. ಸಗಣಿ ಗೊಬ್ಬರ ಮೆತ್ತಿಕೊಂಡ ಹಲಗೆಯನ್ನು ಒಮ್ಮೆ ಒರೆಸುವುದಕ್ಕೆ ಏನೂ ಖರ್ಚಿಲ್ಲ. ಮೂರನೆಯವರ ಹಾನಿಗೆ ಪರಿಹಾರ ಕೊಡುವ ವಿಮೆ ಕಡ್ಡಾಯ, ಮತ್ತು ಪಾಲಿಸಿಯಲ್ಲಿ ಟ್ರೇಲರ್‌ನ ಉಲ್ಲೇಖವೂ ಇದೆಯೇ ಎಂದು ನೋಡಿಕೊಳ್ಳಬೇಕು. ಮೂಲಪ್ರತಿಗಳನ್ನು ಹೊತ್ತು ತಿರುಗಬೇಕಾಗಿಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಎಂಬ ಸರ್ಕಾರಿ ಆ್ಯಪ್‌ಗಳಲ್ಲಿರುವ ದಾಖಲೆಯನ್ನು ತೋರಿಸಿದರೂ ಕಾನೂನು ಒಪ್ಪುತ್ತದೆ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಡಿಎಲ್ ಇಲ್ಲದೆ ಓಡಿಸಿದರೆ 5,000 ರೂಪಾಯಿ, ಡಿಎಲ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೂ 5,000 ರೂಪಾಯಿ, ವಿಮೆ ಇಲ್ಲದಿದ್ದರೆ ಮೊದಲ ಸಲ 2,000 ರೂಪಾಯಿ ದಂಡವಿದೆ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತವನ್ನು ರಾಜ್ಯ ಸರ್ಕಾರ ಗೊತ್ತುಪಡಿಸುವುದರಿಂದ ಅದು ಕೆಲವು ಕಡೆ ಬೇರೆಯಾಗಿರಬಹುದು. ಇವೆಲ್ಲಕ್ಕಿಂತ ಭಾರವಾದದ್ದು ಹದಿನೆಂಟು ತುಂಬದ ಮಗನಿಗೆ ಸ್ಟೀರಿಂಗ್ ಕೊಡುವ ತಪ್ಪು. ಅದಕ್ಕೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಜೊತೆಗೆ 12 ತಿಂಗಳ ಕಾಲ ನೋಂದಣಿ ರದ್ದು ಎಂಬ ಶಿಕ್ಷೆಯಿದೆ. ಹೊಲದಲ್ಲಿ ಚೆನ್ನಾಗಿ ಉಳುತ್ತಾನೆ ಎಂಬ ಹೆಮ್ಮೆ ನ್ಯಾಯಾಲಯದಲ್ಲಿ ವಾದವಾಗಿ ನಿಲ್ಲುವುದಿಲ್ಲ.

ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರ್ಯಾಕ್ಟರ್ ಸಾರಿಗೆ ವಾಹನವಲ್ಲ. ಆ ಕಾರಣದಿಂದಲೇ ಅದಕ್ಕೆ ಪರ್ಮಿಟ್ ಮತ್ತು ಎಫ್‌ಸಿ (ವಾಹನದ ಅರ್ಹತಾ ಪತ್ರ) ಗೋಜಿಲ್ಲ. ಅದೇ ಗಾಡಿಯಲ್ಲಿ ಮಾಲೂರಿನ ಗೂಡುಗಳಿಂದ ಇಟ್ಟಿಗೆಯನ್ನೋ, ಕ್ರಷರ್‌ನಿಂದ ಜಲ್ಲಿಯನ್ನೋ ಬಾಡಿಗೆಗೆ ಸಾಗಿಸಿದರೆ ಈ ವಿನಾಯಿತಿಯ ಆಧಾರವೇ ಕುಸಿಯುತ್ತದೆ. ಅಂಥ ಓಟದಲ್ಲಿ ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವ ಪ್ರಶ್ನೆ ಟ್ರೇಲರ್‌ನಲ್ಲಿ ಏನಿತ್ತು ಎಂಬುದೇ. ಬಾಡಿಗೆ ಮಾಡುವ ಇರಾದೆಯಿದ್ದರೆ ಆರ್‌ಟಿಒ ಕಚೇರಿಯಲ್ಲಿ ವಾಣಿಜ್ಯ ಬಳಕೆಗೆ ನೋಂದಾಯಿಸಿಕೊಂಡು, ತಕ್ಕ ವಿಮೆಯನ್ನೂ ಮಾಡಿಸಿಕೊಂಡು ಓಡಿಸುವುದು ಸರಿಯಾದ ದಾರಿ.

ಇನ್ನು ಗಾಡಿಯ ವಿಷಯ. ಇದರಲ್ಲಿ ಬ್ರೇಕಿಗೇ ಮೊದಲ ಸ್ಥಾನ. ಟ್ರ್ಯಾಕ್ಟರ್‌ನ ಬಲಗಾಲಿನ ಬಳಿ ಎರಡು ಬ್ರೇಕ್ ಪೆಡಲ್‌ಗಳಿರುತ್ತವೆ, ಒಂದು ಎಡಚಕ್ರಕ್ಕೆ, ಇನ್ನೊಂದು ಬಲಚಕ್ರಕ್ಕೆ. ಬದುವಿನ ಬಳಿ ಗಕ್ಕನೆ ತಿರುಗಿಸಲು ಒಂದನ್ನೇ ಒತ್ತುವುದು ಹೊಲದ ಪದ್ಧತಿ. ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿರುವಾಗ ಹಾಗೆ ಒಂದೇ ಪೆಡಲ್ ಒತ್ತಿದರೆ ಒಂದು ಚಕ್ರ ಮಾತ್ರ ನಿಂತು, ಇಡೀ ಗಾಡಿ ಆ ಕಡೆಗೆ ಎಳೆದುಕೊಂಡು ಮಗುಚುತ್ತದೆ. ಇದನ್ನು ತಡೆಯಲು ಒಂದು ಪೆಡಲ್‌ಗೆ ಬೆರಳುದ್ದದ ಕಬ್ಬಿಣದ ಪಟ್ಟಿಯನ್ನು ಕೊಟ್ಟಿರುತ್ತಾರೆ. ಅದನ್ನು ಹೊರಳಿಸಿ ಪಕ್ಕದ ಪೆಡಲ್‌ಗೆ ಸಿಕ್ಕಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ನಾನು ನೋಡಿದ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಬಹುಪಾಲು ಈ ಪಟ್ಟಿ ಕೆಸರು ಕಚ್ಚಿ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಬಿದ್ದುಹೋಗಿ ಅದರ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿರುತ್ತದೆ. ವೈರ್ ನಂಬುವಂಥದ್ದಲ್ಲ, ಹೊಸ ಪಟ್ಟಿ ಹಾಕಿಸಬೇಕು. ಪಟ್ಟಿ ಸಿಕ್ಕಿಸಿದ ಮೇಲೂ ಎರಡು ಕಡೆಯ ಬ್ರೇಕ್ ಒಂದೇ ಸಮ ಹಿಡಿಯುತ್ತದೆಯೇ ಎಂದು ತಿಳಿಯಲು, ಖಾಲಿ ಕಣದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿ, ಇಳಿದು ಮಣ್ಣಿನ ಮೇಲಿನ ಗುರುತುಗಳನ್ನು ನೋಡಬೇಕು. ಒಂದು ಗೆರೆ ಉದ್ದ, ಇನ್ನೊಂದು ಗಿಡ್ಡ ಎಂದಾದರೆ ಹೊಂದಾಣಿಕೆ ಮಾಡಿಸದೆ ರಸ್ತೆಗೆ ಹೋಗಬಾರದು. ಹಿಂದಿನ ಎರಡೂ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಬಿಟ್ಟಿರಬೇಕೆಂಬುದೂ ನೆನಪಿರಲಿ; ಅದು ಹಿಡಿದಿದ್ದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತದೆ.

ಟ್ರೇಲರ್‌ಗಳಲ್ಲಿ ಅನೇಕಕ್ಕೆ ಸ್ವಂತ ಬ್ರೇಕ್ ಇರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೇರಬೇಕು. 15 ಕಿಲೋ ತೂಗುವ 300 ಟೊಮೆಟೊ ಬಾಕ್ಸ್ ಏರಿಸಿದರೆ ಸರಕೇ ನಾಲ್ಕೂವರೆ ಟನ್. ಎಳೆಯುವ ಟ್ರ್ಯಾಕ್ಟರ್‌ನ ತೂಕ ಸುಮಾರು ಎರಡು ಟನ್. ಇಳಿಜಾರಿನಲ್ಲಿ ಈ ಭಾರ ಹಿಂದಿನಿಂದ ನೂಕುತ್ತದೆ, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬಂದು ಎಂಜಿನ್ ಹಿಡಿತದಲ್ಲಿ ಇಳಿಸಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರು ಉಳಿಸುವುದು ಎಷ್ಟೆಂಬುದನ್ನು ಅವರೇ ಹೇಳಬೇಕು. ಟ್ರೇಲರ್‌ನ ಕೊಕ್ಕೆಯನ್ನು ಯಾವಾಗಲೂ ಟ್ರ್ಯಾಕ್ಟರ್ ಹಿಂಬದಿಯ ಕೆಳಗಿನ ಹಿಚ್‌ಗೇ (ಜೋಡಣೆಯ ಜಾಗಕ್ಕೇ) ಹಾಕಬೇಕು. ಎತ್ತರದ ಜಾಗಕ್ಕೆ ಕಟ್ಟಿ ಎಳೆದರೆ ದಿಬ್ಬ ಹತ್ತುವಾಗ ಮುಂದಿನ ಚಕ್ರಗಳು ಮೇಲೇಳುತ್ತವೆ, ಚಾಲಕನ ಮೇಲೆಯೇ ಗಾಡಿ ಬೀಳುತ್ತದೆ. ಹಿಚ್ ಪಿನ್‌ನ ತುದಿಗೆ ಲಾಕ್ ಕ್ಲಿಪ್ ಇರಲಿ, ಪಿನ್ ಮುರಿದರೂ ಟ್ರೇಲರ್ ಬೇರ್ಪಡದಂತೆ ಒಂದು ಸರಪಳಿಯೂ ಇರಲಿ. ರೋಟವೇಟರ್ ಅಥವಾ ಕಲ್ಟಿವೇಟರ್ ಹೊತ್ತು ಹೋಗುವುದಾದರೆ ಪಿಟಿಒ (ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುವ ದಂಡ) ಬಂದ್ ಮಾಡಿ, ಉಪಕರಣವನ್ನು ಎತ್ತಿ, ಹೊರಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಕೆಸರುಗದ್ದೆಯ ಕಬ್ಬಿಣದ ಕೇಜ್ ವೀಲ್‌ಗಳನ್ನು ಬಿಚ್ಚಿ ಟ್ರೇಲರ್‌ನಲ್ಲಿ ಹಾಕಿಕೊಂಡೇ ಡಾಂಬರಿಗೆ ಬರಬೇಕು.

ಕತ್ತಲಾದ ಮೇಲೆ ಟ್ರ್ಯಾಕ್ಟರ್‌ಗೆ ದೊಡ್ಡ ಶತ್ರು ಹಿಂದಿನಿಂದ ಬರುವ ವಾಹನ. ಹಿಂಬದಿಯ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆ ದೂರ ಏಕೆ ಮುಖ್ಯ ಎಂಬುದರ ಲೆಕ್ಕ ಸರಳವಾಗಿದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ 90 ಕಿಲೋಮೀಟರ್ ವೇಗದ ಕಾರು, 25 ಕಿಲೋಮೀಟರ್ ವೇಗದ ಟ್ರ್ಯಾಕ್ಟರ್‌ನ ಕಡೆಗೆ ಪ್ರತಿ ಸೆಕೆಂಡಿಗೆ 18 ಮೀಟರ್ ಹತ್ತಿರವಾಗುತ್ತದೆ. ದೀಪ 155 ಮೀಟರ್‌ನಲ್ಲಿ ಕಂಡರೆ ಕಾರಿನವರಿಗೆ ಎಂಟೂವರೆ ಸೆಕೆಂಡ್ ಸಿಗುತ್ತದೆ. ದೀಪವಿಲ್ಲದ ಟ್ರೇಲರ್ 40 ಮೀಟರ್‌ನಲ್ಲಿ ಕಣ್ಣಿಗೆ ಬಿದ್ದರೆ ಸಿಗುವುದು ಎರಡೇ ಸೆಕೆಂಡ್. ಟ್ರ್ಯಾಕ್ಟರ್‌ನ ಹಿಂಬದಿ ದೀಪ ಹೇರಿದ ಟ್ರೇಲರ್‌ನಿಂದ ಮುಚ್ಚಿಹೋಗುವುದರಿಂದ ಟ್ರೇಲರ್‌ಗೇ ವೈರ್ ಎಳೆಸಿ ಎರಡು ಕೆಂಪು ದೀಪ, ಇಂಡಿಕೇಟರ್ ಹಾಕಿಸಬೇಕು. ಹಲಗೆಯ ಪೂರ್ತಿ ಅಗಲಕ್ಕೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಬೇಕು. ರಾಗಿ ಹುಲ್ಲು ಹೇರಿದಾಗ ಅದು ಜೋತುಬಿದ್ದು ಈ ದೀಪ, ಪಟ್ಟಿ ಎರಡನ್ನೂ ಮರೆಮಾಡುವುದರಿಂದ, ಹೇರಿ ಹಗ್ಗ ಬಿಗಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ಮತ್ತೊಮ್ಮೆ ನೋಡಬೇಕು. ಹೊಲ ಉಳಲೆಂದು ಹಿಂದಕ್ಕೆ ಹಾಕಿಸಿದ ಬಿಳಿ ಲೈಟನ್ನು ರಸ್ತೆಯಲ್ಲಿ ಖಂಡಿತ ಆರಿಸಬೇಕು. ದೂರದಿಂದ ಅದು ಎದುರಿಗೆ ಬರುವ ವಾಹನದಂತೆ ಕಾಣುತ್ತದೆ.

ಟ್ರ್ಯಾಕ್ಟರ್‌ನಲ್ಲಿರುವುದು ಚಾಲಕನ ಸೀಟು ಮಾತ್ರ. ಮಡ್‌ಗಾರ್ಡ್ ಮೇಲೆ ಕುಳಿತವರು ಒಂದು ಹಂಪ್ ಸಿಕ್ಕರೆ ಸಾಕು, ನೇರ ದೊಡ್ಡ ಚಕ್ರದಡಿಗೆ ಬೀಳುತ್ತಾರೆ. ಕೂಲಿಯವರನ್ನೂ ಮದುವೆ, ಜಾತ್ರೆಯ ನೆಂಟರನ್ನೂ ಟ್ರೇಲರ್‌ನಲ್ಲಿ ತುಂಬಿಕೊಂಡು ಹೋಗುವುದು ನಮ್ಮ ಕಡೆ ಸಾಮಾನ್ಯವಾದರೂ, ಹಾಗೆ ಕುಳಿತವರಿಗೆ ಪೆಟ್ಟಾದರೆ ವಿಮಾ ಕಂಪನಿಗಳು ಹೊಣೆಯನ್ನು ನಿರಾಕರಿಸುತ್ತವೆ. ಪರಿಹಾರದ ಹೊರೆ ಕೊನೆಗೆ ಮಾಲೀಕನ ಜಮೀನಿನ ಮೇಲೆಯೇ ಬಂದು ಕೂರಬಹುದು.

ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಇರುವ ಕಡೆ ಅದನ್ನೇ ಹಿಡಿಯಬೇಕು. ಒಂದು ಕಿಲೋಮೀಟರ್ ಸುತ್ತು ತಪ್ಪಿಸಲು ಎದುರು ದಿಕ್ಕಿನಲ್ಲಿ ನುಗ್ಗುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅದೇ ಬಗೆಯ ವೇಗಕ್ಕೆಂದು ಕಟ್ಟಿದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಮಾಲೂರು, ಬಂಗಾರಪೇಟೆ ಕಡೆ ಹಾದುಹೋಗಿದೆ. ಅದನ್ನು ಹತ್ತುವ ಯೋಚನೆಯೂ ಬೇಡ. ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ಹಳ್ಳಿ ರಸ್ತೆಯ ಮೇಲೆ ಹರಡಿದ ತೆನೆ, ಸೊಪ್ಪಿನ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಅಲ್ಲಿಗೆ ಬರುವ ಮೊದಲೇ ವೇಗ ತಗ್ಗಿಸಿರಬೇಕು.

ದಾರಿಯಲ್ಲಿ ಪಂಕ್ಚರ್ ಆದರೆ ಟ್ರೇಲರ್ ಅನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಬೇಕು. ಹಾಗೆ ಇಳಿಸಲಾಗದಿದ್ದರೆ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಪ್ರತಿಫಲಿಸುವ ಕೆಂಪು ತ್ರಿಕೋನವನ್ನಿಟ್ಟು, ಒಬ್ಬರು ಟಾರ್ಚ್ ಹಿಡಿದು ರಸ್ತೆಯಂಚಿನಲ್ಲಿ ನಿಲ್ಲಬೇಕು. ತ್ರಿಕೋನವಿಲ್ಲದೆ ಹಸಿ ಕೊಂಬೆ, ದಪ್ಪ ಕಲ್ಲುಗಳನ್ನು ಇಟ್ಟಿದ್ದರೆ, ಚಕ್ರ ಬದಲಿಸಿ ಹೊರಡುವಾಗ ಅವನ್ನು ಒಂದೂ ಬಿಡದೆ ಎತ್ತಿ ಮೋರಿಯಾಚೆ ಹಾಕಿಯೇ ಗಾಡಿ ಹತ್ತಬೇಕು.