ಹಳೆ ಚೆಸ್ ಪುಸ್ತಕದ ವಯಸ್ಸು ಗುರುತಿಸಲು
ದಾವಣಗೆರೆಯಲ್ಲಿ ಹಳೆ ಪುಸ್ತಕದ ರಾಶಿ ಕೆದಕುವಾಗ ಇಂಗ್ಲಿಷ್ ಚೆಸ್ ಟೂರ್ನಮೆಂಟ್ ಪುಸ್ತಕ ಸಿಕ್ಕರೆ, ಇಸವಿ ಇರುವ ಪುಟ ಹರಿದು ಹೋಗಿದ್ದರೂ ಬಿಟ್ಟು ಬರಬೇಡಿ. ಮಧ್ಯದ ಯಾವುದಾದರೂ ಒಂದು ಆಟ ತೆರೆದು ನಡೆಗಳನ್ನು ಹೇಗೆ ಬರೆದಿದ್ದಾರೆ ನೋಡಿ. ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಹೋಗುವ ನಡೆಗೆ, ಮನೆಯ ಹೆಸರಷ್ಟೇ ಹೇಳುವ 'ಇ4' (e4) ಅನ್ನುವ ಬದಲು 'ಪಿ-ಕೆ4' (P-K4, ಅಂದರೆ ಕಾಲಾಳು ರಾಜನ ಸಾಲಿನ ನಾಲ್ಕನೇ ಮನೆಗೆ) ಅಂತ ಇದ್ದರೆ ಅದು 1980ರ ದಶಕಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ಜಾಸ್ತಿ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 1981ರಲ್ಲಿ ಆ ಹಳೆ ಪದ್ಧತಿಗೆ ಮಾನ್ಯತೆ ನಿಲ್ಲಿಸಿತು, ಆಮೇಲೆ ಪ್ರಕಾಶಕರೂ ಅದನ್ನು ಬಿಡುತ್ತಾ ಬಂದರು. ಆದರೆ ಮರುಮುದ್ರಣದಲ್ಲಿ ಈ ಉಪಾಯ ಕೈಕೊಡುತ್ತದೆ. 1895ರ ಹೇಸ್ಟಿಂಗ್ಸ್ ಟೂರ್ನಮೆಂಟ್ ಪುಸ್ತಕವನ್ನು ಡೋವರ್ ಸಂಸ್ಥೆ ಮತ್ತೆ ಅಚ್ಚು ಹಾಕಿದೆ, ಒಳಗೆಲ್ಲ ಹಳೆ ಬರವಣಿಗೆಯೇ. ಹಾಗಾಗಿ ದೊಡ್ಡ ಬೆಲೆ ಹೇಳಿದರೆ ರಟ್ಟು, ಹೊಲಿಗೆ, ಕಾಗದ ಕೂಡ ಮುಟ್ಟಿ ನೋಡಿ. ರಷ್ಯನ್, ಜರ್ಮನ್ ಪುಸ್ತಕಗಳಿಗಂತೂ ನಡೆ ನೋಡುವ ಈ ಉಪಾಯ ಸುಮ್ನೆ ವ್ಯರ್ಥ, ಅಲ್ಲಿ ಬಹಳ ಹಿಂದಿನಿಂದಲೂ 'ಇ4' ಥರದ್ದೇ ಬಳಕೆ.