ಕಡ್ಡಿ, ಡಬ್ಬಿ ಮತ್ತು ನನ್ನ ಸ್ಟೈಲ್ ಶೀಟ್

ನಾನಿರುವುದು ಹುಬ್ಬಳ್ಳಿಯಲ್ಲಿ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ 32 ಪುಟಗಳ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಆಗ ಪ್ರತಿ ತಲೆಬರಹಕ್ಕೂ ಅಲ್ಲಲ್ಲೇ ಫಾಂಟ್ ಟ್ಯಾಗ್ (ಅಕ್ಷರದ ಬಣ್ಣ, ಗಾತ್ರ ಹೇಳುವ ಸಂಕೇತ) ಹಾಕಿ ಕೆಂಪು ಬಣ್ಣ ಕೊಟ್ಟಿದ್ದೆ. ಅವರು ನೋಡಿ, "ಇದು ಗುಂಟೂರು ಕಾಯಿ ಬಣ್ಣ ಆತ್ರಿ. ನಮ್ಮ ಕಾಯಿ ಇನ್ನೂ ಕಡು ಕೆಂಪು ಐತಿ" ಎಂದರು. ಮಾತು ನಿಜ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಹೆಸರು ಬಂದದ್ದೇ ಬಣ್ಣದಿಂದ. ಆದರೆ 32 ಪುಟ ತಿದ್ದಲು ನನಗೆ ಎರಡು ರಾತ್ರಿ ಬೇಕಾಯಿತು.

ಅದಾದ ಮೇಲೆ ಕೂತು ಸಿಎಸ್‌ಎಸ್, ಅಂದರೆ ಪುಟದ ಅಂದವನ್ನು ಬರೆಯುವ ಭಾಷೆ, ಕಲಿತೆ. ಹೋಕನ್ ವಿಯುಮ್ ಲೀ ಎಂಬ ತಂತ್ರಜ್ಞ 1994ರಲ್ಲೇ ಇದರ ಪ್ರಸ್ತಾಪ ಮಾಡಿದ್ದರು. ಬರಹ ಒಂದು ಕಡೆ, ಅದರ ಅಂದ ಇನ್ನೊಂದು ಕಡೆ. ಎಲ್ಲ ಟ್ಯಾಗ್ ಕಿತ್ತು ಹಾಕಿ, ಅಂದದ ನಿಯಮಗಳಿಗೆಲ್ಲ ಒಂದೇ ಫೈಲ್ (ಸ್ಟೈಲ್ ಶೀಟ್) ಮಾಡಿ ಎಲ್ಲ ಪುಟಗಳಿಗೂ ಜೋಡಿಸಿದೆ. ಕೆಂಪಿಗೆ ಒಂದು ಹೆಸರು (ವೇರಿಯಬಲ್) ಇಟ್ಟು, ಎಲ್ಲ ಕಡೆ ಅದನ್ನೇ ಬಳಸಿದೆ. ಈಗ ಬಣ್ಣ ಬದಲಿಸಬೇಕೆಂದರೆ ಒಂದು ಸಾಲು ಸಾಕು.

ನಿಜವಾದ ಪಾಠ ಸಿಕ್ಕಿದ್ದು ದರಪಟ್ಟಿಯಲ್ಲಿ. ಇಂಗ್ಲಿಷ್ ಪುಟಕ್ಕೆಂದು ಬರೆದ ಶೀಟನ್ನು ಹಾಗೇ ಎತ್ತಿಕೊಂಡಿದ್ದೆ. ಅದರಲ್ಲಿ ಲೈನ್-ಹೈಟ್ (ಸಾಲಿನ ಎತ್ತರ) 1, ಅಂದರೆ ಅಕ್ಷರದ ಗಾತ್ರದಷ್ಟೇ; ಜೊತೆಗೆ ಓವರ್‌ಫ್ಲೋ ಹಿಡನ್, ಅಂದರೆ ಚೌಕಟ್ಟಿನಾಚೆ ಹೋದದ್ದು ಕಾಣದು. ಇಂಗ್ಲಿಷಿಗೆ ಅದು ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಕೂರಬೇಕು ಅಲ್ವಾ? ಆ ಜಾಗವೇ ಇರಲಿಲ್ಲ. ಒತ್ತುಗಳು ಕತ್ತರಿಸಿ ಹೋಗಿ, ಮೊಬೈಲಿನಲ್ಲಿ 'ಕಡ್ಡಿ' ಎಂಬುದು 'ಕಡಿ' ಎಂದೂ, 'ಡಬ್ಬಿ' ಎಂಬುದು 'ಡಬಿ' ಎಂದೂ ಕಾಣುತ್ತಿತ್ತು. ಇವೆರಡೂ ಬ್ಯಾಡಗಿಯ ಮುಖ್ಯ ತಳಿಗಳು. ತಳಿಯ ಹೆಸರೇ ತಪ್ಪಾಗಿ ಕಂಡರೆ ದರ ನೋಡುವ ರೈತ ಏನು ನಂಬಬೇಕು? ಆ ದಿನ ನನಗೆ ತುಂಬಾ ಬೇಜಾರಾಯಿತು.

ಓವರ್‌ಫ್ಲೋ ತೆಗೆದೆ. ಲೈನ್-ಹೈಟ್ 24 ಪಿಕ್ಸೆಲ್ (ಪರದೆಯ ಅಳತೆ) ಮಾಡಿದೆ. ಸಾಲುಗಳು ಸರಿಹೋದವು, ಆದರೆ ದೊಡ್ಡ ತಲೆಬರಹಗಳು ಒಂದರ ಮೇಲೊಂದು ಹತ್ತಿ ಕೂತವು. ಪಿಕ್ಸೆಲ್ ಕೊಟ್ಟರೆ ಅದೇ ಅಳತೆ ಒಳಗಿನ ಎಲ್ಲದಕ್ಕೂ ಇಳಿಯುತ್ತದೆ. ಸುಮ್ನೆ 1.7 ಎಂದು ಬರೆದರೆ ಆಯಾ ಅಕ್ಷರದ ಗಾತ್ರಕ್ಕೆ ತಕ್ಕಂತೆ ಲೆಕ್ಕ ಆಗುತ್ತದೆ. ಕನ್ನಡಕ್ಕೆ ನಾನು ಈಗ 1.6ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಇಟಾಲಿಕ್ (ಓರೆ ಅಕ್ಷರ) ಕೂಡ ಬಿಟ್ಟೆ. ನಾನು ಬಳಸುವ ಕನ್ನಡ ಫಾಂಟಿನಲ್ಲಿ ಇಟಾಲಿಕ್ ಇಲ್ಲ, ಬ್ರೌಸರ್ ಅಕ್ಷರವನ್ನು ಸುಮ್ನೆ ವಾಲಿಸುತ್ತದೆ. ಒತ್ತಿ ಹೇಳಬೇಕಾದಲ್ಲಿ ದಪ್ಪ ಅಕ್ಷರವೇ ಚೆಂದ.

ಕೊನೆಗೆ ಪ್ರಿಂಟಿಗೆಂದೇ ನಾಲ್ಕು ಸಾಲು ಸೇರಿಸಿದೆ. ಸೋಮವಾರ, ಗುರುವಾರ ಮಾರುಕಟ್ಟೆಯ ದಿನ ಆ ವ್ಯಾಪಾರಿ ದರಪಟ್ಟಿಯನ್ನು ಮುದ್ರಿಸಿ ಅಂಗಡಿ ಬಾಗಿಲಿಗೆ ಅಂಟಿಸುತ್ತಾರೆ. ಮೆನು, ಬ್ಯಾನರ್ ಯಾವುದೂ ಕಾಗದಕ್ಕೆ ಬರುವುದಿಲ್ಲ. ಕಪ್ಪು ಅಕ್ಷರದ ದರ ಮಾತ್ರ, ಕಡ್ಡಿಯ ಒತ್ತು ಪೂರ್ತಿ ಕಾಣುವಂತೆ.